ಖಾಸಗಿ ಆವರಣದಲ್ಲಿ ವಾಹನಕ್ಕೆ ಹಾನಿ: ಸಾಕ್ಷ್ಯ ಉಳಿಸುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ವಸತಿ ಸಮುಚ್ಚಯ, ಕಚೇರಿ ಅಥವಾ ಮಳಿಗೆಯ ಆವರಣದಲ್ಲಿ ನಿಲ್ಲಿಸಿದ್ದ ವಾಹನಕ್ಕೆ ಹಾನಿಯಾದರೆ, ಅದು ಸಾರ್ವಜನಿಕ ರಸ್ತೆಯಲ್ಲವಾದ್ದರಿಂದ ವಿಮೆ ಸಿಗುವುದಿಲ್ಲವೆಂದು ಅನೇಕರು ನಂಬಿ ಕೈಚೆಲ್ಲುತ್ತಾರೆ. ಇದು ತಪ್ಪು ತಿಳಿವಳಿಕೆ. ಸ್ವಂತ ಹಾನಿಯನ್ನೂ ಒಳಗೊಂಡ ಸಮಗ್ರ ವಿಮೆಯಲ್ಲಿ ಸಾಮಾನ್ಯವಾಗಿ ಪರಿಶೀಲನೆಗೆ ಬರುವುದು ಹಾನಿಯ ಕಾರಣವೇ ಹೊರತು ವಾಹನ ನಿಂತಿದ್ದ ಜಾಗದ ಒಡೆತನವಲ್ಲ. ಬೇರೆಯವರಿಗಾದ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ವಿಮೆಯಷ್ಟೇ ಇದ್ದವರು ಮಾತ್ರ ಪರಿಹಾರವನ್ನು ಹಾನಿಗೆ ಕಾರಣರಾದವರಿಂದಲೇ ಕೇಳಬೇಕಾಗುತ್ತದೆ.

ನಿಜವಾದ ತೊಡಕಿರುವುದು ಸಾಕ್ಷ್ಯದಲ್ಲಿ. ರಸ್ತೆಯಲ್ಲಿ ಅಪಘಾತವಾದರೆ ನೋಡಿದವರು ನಾಲ್ಕು ಮಂದಿಯಾದರೂ ಇರುತ್ತಾರೆ. ಆವರಣದೊಳಗೆ ಸಿಸಿಟಿವಿ, ಗೇಟಿನ ದಾಖಲೆ ಪುಸ್ತಕ, ಕಾವಲು ಸಿಬ್ಬಂದಿ ಎಲ್ಲವೂ ಆಡಳಿತದವರ ಕೈಯಲ್ಲಿರುತ್ತವೆ; ಎಷ್ಟೋ ಸಲ ಹಾನಿಗೆ ಹೊಣೆಯಾಗಬೇಕಾದವರೂ ಅವರೇ. ಮೇಲಂತಸ್ತಿನ ಸಜ್ಜಾದಿಂದ ಗಾರೆ ಕಳಚಿ ಕಾರಿನ ಬಾನೆಟ್ ಮೇಲೆ ಬಿದ್ದಿದೆ ಎಂದುಕೊಳ್ಳಿ. ಮಾಲೀಕರು ಬರುವಷ್ಟರಲ್ಲಿ ಸಿಬ್ಬಂದಿ ಚೂರುಗಳನ್ನೆಲ್ಲ ಗುಡಿಸಿ ಜಾಗ ಚೊಕ್ಕಟ ಮಾಡಿರುತ್ತಾರೆ. ಅದರಲ್ಲಿ ದುರುದ್ದೇಶ ಇಲ್ಲದಿರಬಹುದು, ಆದರೆ ವಿಮಾ ಕಂಪನಿಯ ಪರವಾಗಿ ಹಾನಿಯನ್ನು ಪರಿಶೀಲಿಸುವ ಸರ್ವೇಯರ್ ಬಂದಾಗ ಉಳಿದಿರುವುದು ಕಾರಣ ತಿಳಿಯದ ಒಂದು ತಗ್ಗು ಮಾತ್ರ. ಸಿಸಿಟಿವಿ ದೃಶ್ಯಗಳೂ ಕೆಲವು ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುವುದರಿಂದ, ಅವನ್ನು ಕಾಯ್ದಿಡುವಂತೆ ಅದೇ ದಿನ ಲಿಖಿತವಾಗಿ ಕೇಳುವುದು, ವಾಹನವನ್ನು ಕದಲಿಸುವ ಮೊದಲು ಸುತ್ತಲಿನ ಗೋಡೆ, ಕಂಬ, ಮೇಲ್ಭಾಗ ಕಾಣುವಂತೆ ಫೋಟೊ ತೆಗೆಯುವುದು, ಸರ್ವೇ ಮುಗಿಯುವವರೆಗೆ ದುರಸ್ತಿಗೆ ಕೈಹಾಕದಿರುವುದು ತೀರಾ ಅಗತ್ಯ.

ಜಾಗ ತಮ್ಮದೆಂಬ ಕಾರಣಕ್ಕೇ ಅದರ ಮಾಲೀಕರು ಹೊಣೆಗಾರರಾಗಿಬಿಡುವುದಿಲ್ಲ, ನಿರ್ಲಕ್ಷ್ಯವನ್ನು ತೋರಿಸಿಕೊಡಬೇಕು. ಬಿರುಗಾಳಿಗೆ ಹಸಿ ಕೊಂಬೆ ಮುರಿದು ಬೀಳುವುದು ಬೇರೆ, ಒಣಗಿದ ಕೊಂಬೆಯ ಬಗ್ಗೆ ನಿವಾಸಿಗಳು ದೂರು ಕೊಟ್ಟಿದ್ದರೂ ಕಡಿಸದೆ ಬಿಟ್ಟದ್ದು ಬೇರೆ. ಹಳೆಯ ದೂರಿನ ಪ್ರತಿಗೆ ಇಲ್ಲಿ ಬಹಳ ಬೆಲೆಯಿದೆ. ‘ನಿಲ್ಲಿಸಿದ ವಾಹನಕ್ಕೆ ಅದರ ಮಾಲೀಕರೇ ಹೊಣೆ’ ಎಂಬ ಫಲಕವೊಂದನ್ನು ಕಂಡು ಹಕ್ಕೇ ಇಲ್ಲವೆಂದು ಹಿಂದೆ ಸರಿಯಬೇಕಾಗಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದ್ದು. ಆಡಳಿತದವರು ಸ್ವಲ್ಪ ಹಣ ಕೊಟ್ಟು ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ. ಪರಿಹಾರ ಕೊಟ್ಟ ವಿಮಾ ಕಂಪನಿಗೆ, ತಪ್ಪಿತಸ್ಥರಿಂದ ಆ ಮೊತ್ತವನ್ನು ವಸೂಲು ಮಾಡುವ ಹಕ್ಕು ವಾಹನ ಮಾಲೀಕರ ಮೂಲಕವೇ ಬರುತ್ತದೆ. ಮಾಲೀಕರು ಅದನ್ನು ಮೊದಲೇ ಬಿಟ್ಟುಕೊಟ್ಟಿದ್ದರೆ ಕ್ಲೇಮಿಗೇ ಕುತ್ತು ಬರಬಹುದು. ಕಂಪನಿಗೆ ತಿಳಿಸದೆ ಇಂಥ ಪತ್ರಕ್ಕೆ ಸಹಿ ಹಾಕಬಾರದು. ಸಣ್ಣ ಗೀರುಗಳಿಗಾದರೆ, ತಾವೇ ಭರಿಸಬೇಕಾದ ಕಡ್ಡಾಯ ಪಾಲನ್ನೂ ಕೈತಪ್ಪುವ ನೋ ಕ್ಲೇಮ್ ಬೋನಸ್ಸನ್ನೂ (ಕ್ಲೇಮ್ ಮಾಡದಿದ್ದುದಕ್ಕೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಲೆಕ್ಕ ಹಾಕಿ ಮುಂದುವರಿಯುವುದು ಒಳ್ಳೆಯದು.

ವಿಮಾ ಕಂಪನಿಗಳು ‘ದೃಶ್ಯಾವಳಿ ತನ್ನಿ’ ಎಂದು ಗ್ರಾಹಕರನ್ನು ಅಲೆದಾಡಿಸುವುದು ನ್ಯಾಯವಲ್ಲ. ಬಿಡಿ ವ್ಯಕ್ತಿಯ ಮನವಿಗೆ ಸಿಗದ ಉತ್ತರ ಸಂಸ್ಥೆಯ ಪತ್ರಕ್ಕೆ ಸಿಗುತ್ತದೆ. ಆದ್ದರಿಂದ ಕ್ಲೇಮ್ ದಾಖಲಾದ ದಿನವೇ ಕಂಪನಿಯು ಆವರಣದ ಆಡಳಿತಕ್ಕೆ ನೇರವಾಗಿ ಬರೆದು ದೃಶ್ಯಗಳನ್ನೂ ದಾಖಲೆಗಳನ್ನೂ ಕಾಯ್ದಿಡುವಂತೆ ಕೋರಬೇಕು. ಆಡಳಿತ ಮಂಡಳಿಗಳೂ ಇಂಥ ಪ್ರತಿಯೊಂದು ಘಟನೆಯನ್ನು ದಿನಾಂಕ, ವೇಳೆ ಸಹಿತ ಬರೆದಿಟ್ಟು ಅದರ ಪ್ರತಿಯನ್ನು ವಾಹನ ಮಾಲೀಕರಿಗೆ ಕೊಡುವ ಪದ್ಧತಿಯನ್ನು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ವಾಹನ ಮಾಲೀಕ