ನಮ್ಮ ಬಿಲ್ಲಿನಲ್ಲಿ ‘ಕಂಪ್ಯೂಟರ್ ಸ್ವಿಚ್’ ಎಂಬ ಸಾಲು ಇನ್ನು ಇರುವುದಿಲ್ಲ: ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಸಹಕಾರ ಸಂಘದ ಬಿಲ್ಲು ಬೇರೆ ರೀತಿ ಕಾಣುತ್ತದೆ. ಇಷ್ಟು ವರ್ಷ ನಾವು ತರಿಸುವ ಸ್ವಿಚ್ಚುಗಳೆಲ್ಲ ಎರಡೇ ಎಚ್‌ಎಸ್ ಕೋಡುಗಳಲ್ಲಿ (ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ) ಮುಗಿದುಹೋಗುತ್ತಿದ್ದವು. ಪೆಟ್ಟಿಗೆಯ ರೂಪದಲ್ಲಿದ್ದರೆ ‘ಕಂಪ್ಯೂಟರ್ ಘಟಕ’, 8471.80. ಬಿಡಿಯಾಗಿದ್ದರೆ ‘ಕಂಪ್ಯೂಟರ್ ಬಿಡಿಭಾಗ’, 8473.30. ಇನ್ನು ಅವು ನಾಲ್ಕು ಕೋಡುಗಳಲ್ಲಿ ಹಂಚಿಹೋಗುತ್ತವೆ, ಎರಡು ಬಗೆಯ ಸಾಮಾನಿನ ಬೆಲೆ ಏರುತ್ತದೆ. ಸಾಮಾನು ಅದೇ, ತಯಾರಕರು ಅವರೇ. ಬದಲಾಗಿರುವುದು ಕಸ್ಟಮ್ಸ್ ಎದುರು ನಾವು ಅದನ್ನು ಏನೆಂದು ಕರೆಯುತ್ತೇವೆ ಎಂಬುದು. ಮೊದಲು ಕರೆದದ್ದು ತಪ್ಪಾಗಿತ್ತು, ಆ ತಪ್ಪು ನಮ್ಮದು. ಅದಕ್ಕೇ ಇಷ್ಟು ಉದ್ದದ ಪತ್ರ.

ಕಳೆದ ಸಲದ ಸರಕು ಕಸ್ಟಮ್ಸ್‌ನಲ್ಲಿ ನಿಂತುಹೋಗಿತ್ತು. ನಿಮ್ಮಲ್ಲಿ ಹಲವರಿಗೆ ಆರ್ಡರ್ ತಡವಾಗಿ ಬಂದದ್ದು ಅದರಿಂದಲೇ. ‘ಹಡಗು ತಡವಾಯಿತು’ ಎಂದು ನಮ್ಮವರು ಯಾರಿಗಾದರೂ ಹೇಳಿದ್ದರೆ ಅದು ಸರಿಯಲ್ಲ, ಕ್ಷಮಿಸಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಅನ್ನುತ್ತಾರೆ. ನಾವು ಹೇಳಿಕೊಂಡೆವು, ಆ ಅಧಿಕಾರಿ ಕೂತು ಕೇಳಿದರು ಕೂಡ. ಆಮೇಲೆ ಒಂದು ಪೊಟ್ಟಣ ಬಿಚ್ಚಿ, ಉಗುರಿನಷ್ಟು ದೊಡ್ಡದಾದ ಕರಿ ಸ್ವಿಚ್ಚೊಂದನ್ನು ಅಂಗೈ ಮೇಲೆ ಇಟ್ಟುಕೊಂಡರು.

‘ಇದೇನು?’

‘ಕಂಪ್ಯೂಟರ್ ಮೌಸಿನ ಒಳಗೆ ಹಾಕುವ ಭಾಗ.’

‘ಎಲ್ಲಿ ಹಾಕುತ್ತಾರೆ ಅಂತ ಹೇಳಿದಿರಿ. ಇದು ಮಾಡುವ ಕೆಲಸ ಏನು?’

‘ಒತ್ತಿದರೆ ಸರ್ಕ್ಯೂಟ್ ಕೂಡಿಕೊಳ್ಳುತ್ತೆ. ಬಿಟ್ಟರೆ ಕಡಿಯುತ್ತೆ.’

‘ಹಾಗಾದರೆ ಇದು ಸ್ವಿಚ್ಚು. ಬಿಡಿಭಾಗ ಅಂತ ಯಾಕೆ ಬರೆದಿರಿ?’

ನಮ್ಮಲ್ಲಿ ಉತ್ತರ ಇರಲಿಲ್ಲ. ಮೊದಲಿಂದ ಹಾಗೇ ಬರೆದುಕೊಂಡು ಬಂದಿದ್ದೆವು, ಅಷ್ಟೇ. ಊರಿಗೆ ವಾಪಸು ಬಂದ ಮೇಲೆ ಪುಸ್ತಕ ತೆಗೆದು ಕೂತೆವು, ಸುಂಕ ಸಲಹೆಗಾರರನ್ನು ಕರೆಸಿದೆವು, ಉಗ್ರಾಣದಿಂದ ಒಂದೊಂದು ಬಗೆಯ ಮಾದರಿ ತಂದು ಮೇಜಿನ ಮೇಲೆ ಬಿಚ್ಚಿ ನೋಡಿದೆವು.

ಎಚ್‌ಎಸ್ ಎಂದರೆ ವಿಶ್ವ ಕಸ್ಟಮ್ಸ್ ಸಂಸ್ಥೆ ಬ್ರಸೆಲ್ಸ್‌ನಿಂದ ನಡೆಸುವ ಸರಕು ವರ್ಗೀಕರಣ. 1988ರ ಜನವರಿ 1ರಿಂದ ಜಾರಿಯಲ್ಲಿದೆ. 200ಕ್ಕೂ ಹೆಚ್ಚು ದೇಶ ಮತ್ತು ಆರ್ಥಿಕ ವಲಯಗಳು ಇದನ್ನೇ ಬಳಸುತ್ತವೆ. ಕೋಡಿನ ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿಗೆ ಶೀರ್ಷಿಕೆ, ಆರಕ್ಕೆ ಉಪಶೀರ್ಷಿಕೆ. ಆರು ಅಂಕಿಯವರೆಗೆ ಎಲ್ಲರಿಗೂ ಒಂದೇ, ಅದರ ಮುಂದಿನವು ಆಯಾ ದೇಶದವು. ನಮ್ಮ ಸಾಮಾನೆಲ್ಲ ಬರುವುದು 84 ಮತ್ತು 85ನೇ ಅಧ್ಯಾಯಗಳಲ್ಲಿ: ಒಂದು ಯಂತ್ರಗಳದ್ದು, ಇನ್ನೊಂದು ವಿದ್ಯುತ್ ಉಪಕರಣಗಳದ್ದು. ಕಂಪ್ಯೂಟರ್ ಯಂತ್ರಗಳ ಅಧ್ಯಾಯದಲ್ಲಿದೆ, ಸ್ವಿಚ್ಚು ವಿದ್ಯುತ್ ಅಧ್ಯಾಯದಲ್ಲಿ. ಕಂಪ್ಯೂಟರಿಗೆಂದೇ ಮಾಡಿದ ಸ್ವಿಚ್ಚು ಈ ಎರಡರ ಗಡಿಯಲ್ಲಿ ನಿಲ್ಲುತ್ತದೆ. ನಾವು ಎಡವಿದ್ದು ಆ ಗಡಿಯಲ್ಲೇ.

ಆ ಗಡಿಯ ನಿಯಮ ಈ ಎರಡೂ ಅಧ್ಯಾಯಗಳು ಸೇರಿರುವ 16ನೇ ವಿಭಾಗದ 2ನೇ ಟಿಪ್ಪಣಿಯಲ್ಲಿದೆ. ಒಂದು ಭಾಗ ತಾನೇ 84 ಅಥವಾ 85ನೇ ಅಧ್ಯಾಯದ ಯಾವುದಾದರೂ ಶೀರ್ಷಿಕೆಯಲ್ಲಿ ಹೆಸರಿಸಿದ ವಸ್ತುವಾಗಿದ್ದರೆ, ಅದು ಯಾವ ಯಂತ್ರಕ್ಕೆಂದೇ ತಯಾರಾಗಿರಲಿ, ತನ್ನ ಶೀರ್ಷಿಕೆಗೇ ಸೇರಬೇಕು. (8473.30ರಂಥ ಬಿಡಿಭಾಗಗಳ ಶೀರ್ಷಿಕೆಗಳು ಈ ಮಾತಿಗೆ ಹೊರತು.) 1,000 ವೋಲ್ಟ್ ಮೀರದ ಸರ್ಕ್ಯೂಟನ್ನು ಕೂಡಿಸುವ, ಕಡಿಯುವ, ಕಾಪಾಡುವ ಉಪಕರಣಗಳಿಗೆ 8536 ಎಂಬ ಶೀರ್ಷಿಕೆ ಇದೆ, ಅದರಲ್ಲಿ ಸ್ವಿಚ್ಚುಗಳಿಗೆಂದೇ 8536.50 ಇದೆ. ಮೌಸಿನೊಳಗಿನ ಮೈಕ್ರೋಸ್ವಿಚ್, ಕ್ಯಾಬಿನೆಟ್ಟಿನ ಮುಂಭಾಗದ ಪವರ್ ಬಟನ್ ಸ್ವಿಚ್, ಪವರ್ ಸಪ್ಲೈ ಹಿಂಬದಿಯ ರಾಕರ್ ಸ್ವಿಚ್, ಎಲ್ಲವೂ ಇನ್ನು ಅಲ್ಲಿಗೇ. ‘ಇದನ್ನು ಕಂಪ್ಯೂಟರಿಗೆ ಬಿಟ್ಟು ಬೇರೆಲ್ಲೂ ಬಳಸುವುದಿಲ್ಲ’ ಎಂದು ನಾವು ವರ್ಷಗಟ್ಟಲೆ ಪತ್ರದಲ್ಲಿ ಬರೆದುಕೊಟ್ಟಿದ್ದೆವು. ಆ ಮಾತು ನಿಜವೇ ಆದರೂ ಇಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ.

ಪೆಟ್ಟಿಗೆಗಳ ವಿಷಯ ಇಷ್ಟು ಸರಳವಲ್ಲ. ನಮ್ಮ ಪಟ್ಟಿಯಲ್ಲಿ ಹೆಚ್ಚು ಮಾರಾಟವಾಗುವುದು ಕೆವಿಎಂ ಸ್ವಿಚ್: ಒಂದು ಕೀಬೋರ್ಡ್, ಒಂದು ಮಾನಿಟರ್, ಒಂದು ಮೌಸ್ ಇಟ್ಟುಕೊಂಡು ಎರಡೋ ನಾಲ್ಕೋ ಕಂಪ್ಯೂಟರ್ ನಡೆಸಲು ಬಳಸುವ ಪೆಟ್ಟಿಗೆ. ಅದರ ಪಕ್ಕದಲ್ಲೇ ಹಳೆಯ ಕಾಲದ ಗುಂಡಿ ತಿರುಗಿಸುವ ಪೆಟ್ಟಿಗೆಯೂ ಇದೆ. ಎರಡು ಕಂಪ್ಯೂಟರಿಗೆ ಒಂದೇ ಪ್ರಿಂಟರ್ ಹಂಚಲು ಕೆಲವರು ಇಂದಿಗೂ ಅದನ್ನು ಕೊಳ್ಳುತ್ತಾರೆ. ಅಳತೆ ಹೆಚ್ಚುಕಡಿಮೆ ಒಂದೇ, ಎರಡಕ್ಕೂ ಲೋಹದ ಹೊದಿಕೆ, ಎರಡರ ಹಿಂದೆಯೂ ಸಾಲು ಸಾಲು ಕನೆಕ್ಟರು. ನಮ್ಮ ಬಿಲ್ಲಿನಲ್ಲೂ ಎರಡಕ್ಕೂ ಒಂದೇ ಹೆಸರು, ‘ಕಂಪ್ಯೂಟರ್ ಸ್ವಿಚ್’.

ನಮ್ಮ ದುರಸ್ತಿ ವಿಭಾಗದ ಹುಡುಗ ಎರಡನ್ನೂ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದ. ಗುಂಡಿಯ ಪೆಟ್ಟಿಗೆಗೆ ಕರೆಂಟೇ ಬೇಡ. ಗುಂಡಿಯನ್ನು ‘ಎ’ ಕಡೆಗೆ ತಿರುಗಿಸಿ ಒಂದು ಕಡ್ಡಿಯನ್ನು ಪ್ರಿಂಟರ್ ಕನೆಕ್ಟರಿನ ಪಿನ್ನಿಗೆ, ಇನ್ನೊಂದನ್ನು ‘ಎ’ ಕನೆಕ್ಟರಿನ ಅದೇ ಪಿನ್ನಿಗೆ ಮುಟ್ಟಿಸಿದ. ಮೀಟರ್ ಪೀಂ ಎಂದಿತು, ಅಂದರೆ ಎರಡೂ ಪಿನ್ನು ನೇರವಾಗಿ ಕೂಡಿವೆ. ‘ಬಿ’ ಕಡೆಗೆ ತಿರುಗಿಸಿದ, ಸದ್ದು ನಿಂತಿತು. ಹೊದಿಕೆ ತೆಗೆದರೆ ಒಳಗೆ ತಂತಿಯ ಕಂತೆ, ಹಿತ್ತಾಳೆಯ ಸಂಪರ್ಕ ಬಿಂದುಗಳು, ಇನ್ನೇನಿಲ್ಲ. ಕೆವಿಎಂ ಪೆಟ್ಟಿಗೆಯಲ್ಲಿ ಅದೇ ಪ್ರಯತ್ನ ಮಾಡಿದ. ಡೇಟಾ ಪಿನ್ನುಗಳಲ್ಲಿ ಎಲ್ಲಿ ಮುಟ್ಟಿಸಿದರೂ ಮೀಟರ್ ಮೌನ. ಕೀಬೋರ್ಡಿನಿಂದ ಬಂದ ತಂತಿ ಕಂಪ್ಯೂಟರಿನ ತಂತಿಗೆ ನೇರವಾಗಿ ಕೂಡುವುದೇ ಇಲ್ಲ, ನಡುವೆ ಒಂದು ನಿಯಂತ್ರಕ ಚಿಪ್ ಕೂತಿದೆ. ಕೀಬೋರ್ಡ್ ಕಳಿಸುವ ಸಂಕೇತವನ್ನು ಆ ಚಿಪ್ ಓದುತ್ತದೆ. ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿದರೆ ಅದು ಅಕ್ಷರ ಅಲ್ಲ, ಕಂಪ್ಯೂಟರ್ ಬದಲಿಸುವ ಆಜ್ಞೆ ಎಂದು ಅರ್ಥ ಮಾಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಸದ್ಯ ಆಯ್ಕೆಯಲ್ಲಿ ಇಲ್ಲದ ಕಂಪ್ಯೂಟರುಗಳಿಗೂ ‘ಕೀಬೋರ್ಡ್ ಇಲ್ಲೇ ಇದೆ, ಮೌಸ್ ಇಲ್ಲೇ ಇದೆ’ ಎಂದು ಹೇಳುತ್ತಲೇ ಇರುತ್ತದೆ.

ಈಗ 84ನೇ ಅಧ್ಯಾಯದ 6ನೇ ಟಿಪ್ಪಣಿ ನೋಡಬೇಕು. 2022ಕ್ಕೆ ಮೊದಲು ಇದೇ 5ನೇ ಟಿಪ್ಪಣಿಯಾಗಿತ್ತು, ಹಳೆಯ ಆದೇಶ ಓದುವವರು ಇದನ್ನು ನೆನಪಿಡಿ. ಒಂದು ಸಾಧನ ಕಂಪ್ಯೂಟರ್ ವ್ಯವಸ್ಥೆಯ ಘಟಕ ಎನಿಸಿಕೊಳ್ಳಲು ಅದು ಮೂರು ಷರತ್ತು ಹಾಕುತ್ತದೆ. ಸಾಧನ ಕೇವಲ ಅಥವಾ ಮುಖ್ಯವಾಗಿ ಕಂಪ್ಯೂಟರ್ ವ್ಯವಸ್ಥೆಯಲ್ಲೇ ಬಳಕೆಯಾಗುವಂಥದ್ದಾಗಿರಬೇಕು. ಕೇಂದ್ರ ಸಂಸ್ಕರಣ ಘಟಕಕ್ಕೆ (ಸಿಪಿಯು) ನೇರವಾಗಿಯೋ ಇನ್ನೊಂದು ಘಟಕದ ಮೂಲಕವೋ ಜೋಡಿಸಲು ಬರಬೇಕು. ವ್ಯವಸ್ಥೆ ಬಳಸಬಲ್ಲ ರೂಪದಲ್ಲಿ ಡೇಟಾ ಪಡೆಯಲು ಅಥವಾ ಕೊಡಲು ಅದಕ್ಕೆ ಸಾಧ್ಯವಾಗಬೇಕು. ಚಿಪ್ ಇರುವ ಕೆವಿಎಂ ಪೆಟ್ಟಿಗೆ ಈ ಮೂರನ್ನೂ ಪೂರೈಸುತ್ತದೆ ಎಂಬುದು ನಮ್ಮ ನಿಲುವು. ಅದು 8471.80ರಲ್ಲೇ ಉಳಿಯುತ್ತದೆ, ಬೆಲೆಯೂ ಹಾಗೇ. ಗುಂಡಿಯ ಪೆಟ್ಟಿಗೆ ಡೇಟಾವನ್ನು ಓದುವುದೂ ಇಲ್ಲ, ಕೊಡುವುದೂ ಇಲ್ಲ. ಅದು ಬರೀ ತಂತಿ ಕೂಡಿಸುತ್ತದೆ, ಕಡಿಯುತ್ತದೆ. ಅದು 8536.50ಕ್ಕೆ ಹೋಗುತ್ತದೆ.

ಜಾಲದ ಮೂಲಕ ದೂರದಿಂದ ನಡೆಸುವ ಕೆವಿಎಂ ಮಾದರಿಗಳನ್ನು ಮಾತ್ರ ಈ ಗುಂಪಿನಿಂದ ಬೇರೆ ತೆಗೆದಿದ್ದೇವೆ. ಸ್ಥಳೀಯ ಜಾಲ, ವಿಸ್ತಾರ ಜಾಲಗಳಲ್ಲಿ ಸಂವಹನ ಮಾಡುವ ಉಪಕರಣ ಪ್ರತ್ಯೇಕವಾಗಿ ಬಂದರೆ, ಮೇಲಿನ ಮೂರು ಷರತ್ತು ಪೂರೈಸಿದರೂ ಅದು 8471ಕ್ಕೆ ಸೇರದು ಎಂದು ಅದೇ 6ನೇ ಟಿಪ್ಪಣಿ ಮುಂದೆ ಹೇಳುತ್ತದೆ. ಅವು, ಜಾಲದಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚುಗಳ ಜೊತೆ, ದೂರಸಂಪರ್ಕ ಗುಂಪಿನ 8517.62ಕ್ಕೆ ಹೋಗುತ್ತವೆ.

ನೆಟ್‌ವರ್ಕ್ ಸ್ವಿಚ್ಚಿನ ಕಥೆ ಹಳೆಯದು, ದೊಡ್ಡ ದೊಡ್ಡವರೇ ಬಡಿದಾಡಿದ ಕಥೆ. ಯುರೋಪಿನಲ್ಲಿ ಸ್ಥಳೀಯ ಜಾಲದ ಉಪಕರಣಗಳನ್ನು ಕಂಪ್ಯೂಟರ್ ಗುಂಪಿನಲ್ಲಿಡದೆ ದೂರಸಂಪರ್ಕದ ಗುಂಪಿಗೆ ಹಾಕುತ್ತಿದ್ದಾರೆ, ಸುಂಕ ಹೆಚ್ಚಾಗುತ್ತಿದೆ ಎಂದು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದಿತ್ತು. 1998ರಲ್ಲಿ ಮೊದಲ ಹಂತದಲ್ಲಿ ಅಮೆರಿಕದ ಪರ ಬಂದ ತೀರ್ಮಾನವನ್ನು ಅದೇ ವರ್ಷ ಮೇಲ್ಮನವಿ ಮಂಡಳಿ ತಿರುವಿಹಾಕಿತು. ಕಡೆಗೆ 2007ರ ಎಚ್‌ಎಸ್ ಆವೃತ್ತಿ 8517ನ್ನು ಹೊಸದಾಗಿ ಜೋಡಿಸಿ, ಸ್ವಿಚಿಂಗ್ ಮತ್ತು ರೂಟಿಂಗ್ ಉಪಕರಣಗಳನ್ನು 8517.62ರಲ್ಲಿ ಹೆಸರಿಟ್ಟೇ ಸೇರಿಸಿತು. ನಮ್ಮ ಲೆಕ್ಕದ ಪುಸ್ತಕ ಮಾತ್ರ 2007ಕ್ಕೆ ಹಿಂದೆಯೇ ನಿಂತಿತ್ತು. ಈ ಸಾಮಾನಿನ ಬೆಲೆಯಲ್ಲಿ ವ್ಯತ್ಯಾಸವಿಲ್ಲ.

ಬೆಲೆ ಏರುವ ಮೊದಲ ಬಗೆ, ಸರ್ವರ್ ರ‍್ಯಾಕಿನೊಳಗೆ ಕೂರಿಸುವ ವಿದ್ಯುತ್ ಹಂಚಿಕೆ ಫಲಕಗಳು. ಸಾಕೆಟ್ಟುಗಳು, ಬ್ರೇಕರ್, ಸ್ವಿಚ್ಚು ಒಂದೇ ಪಟ್ಟಿಯ ಮೇಲೆ ಇರುತ್ತವಲ್ಲ, ಅವು. 8536ರ ಎರಡು ಅಥವಾ ಹೆಚ್ಚು ಉಪಕರಣ ಹೊತ್ತು ವಿದ್ಯುತ್ ಹಂಚುವ ಫಲಕ 8537ರದ್ದು, ನಮ್ಮವು 8537.10. ಅವುಗಳಿಗೆ ಡೇಟಾದ ಸಂಬಂಧವೇ ಇಲ್ಲ. ರ‍್ಯಾಕಿನಲ್ಲಿ ಕಂಪ್ಯೂಟರಿನ ಪಕ್ಕ ಕೂತವು ಎಂಬ ಒಂದೇ ಕಾರಣಕ್ಕೆ ಅವನ್ನು ಕಂಪ್ಯೂಟರ್ ಘಟಕ ಎಂದು ಬರೆದದ್ದು ನಮ್ಮ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು.

ಎರಡನೆಯ ಬಗೆ ದೊಡ್ಡ ರಾಕರ್ ಸ್ವಿಚ್ಚುಗಳು. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದವಾಯಿತು. ಸಹಿ ಹಾಕಿದ ದೇಶಗಳು ಪಟ್ಟಿಯಲ್ಲಿರುವ ಸಾಮಾನಿನ ಆಮದು ಸುಂಕ ತೆಗೆಯಲು ಒಪ್ಪಿದವು. ಕಂಪ್ಯೂಟರ್ ಘಟಕ, ಬಿಡಿಭಾಗಗಳು ಆ ಪಟ್ಟಿಯಲ್ಲಿವೆ. 8536.50 ಇಡಿಯಾಗಿ ಇಲ್ಲ, ಅದರಲ್ಲಿ ಮೂರು ತುಂಡು ಮಾತ್ರ ಇವೆ: ಬೆಳಕಿನ ಮೂಲಕ ಜೋಡಿಸಿದ ಇನ್‌ಪುಟ್, ಔಟ್‌ಪುಟ್ ಸರ್ಕ್ಯೂಟಿನ ಎಲೆಕ್ಟ್ರಾನಿಕ್ ಎಸಿ ಸ್ವಿಚ್, ಟ್ರಾನ್ಸಿಸ್ಟರು ಮತ್ತು ಲಾಜಿಕ್ ಚಿಪ್ ಸೇರಿದ ಎಲೆಕ್ಟ್ರಾನಿಕ್ ಸ್ವಿಚ್, ಮತ್ತು 11 ಆಂಪಿಯರ್ ಮೀರದ, ಟಿಕ್ ಎಂದು ಜಿಗಿದು ಕೂಡುವ ವಿದ್ಯುತ್-ಯಾಂತ್ರಿಕ ಸ್ವಿಚ್. ಮೌಸಿನ ಮೈಕ್ರೋಸ್ವಿಚ್ ಈ ಮೂರನೆಯದರಲ್ಲಿ ಬರುತ್ತದೆ, ಆದ್ದರಿಂದ ಅದರ ಕೋಡ್ ಬದಲಾದರೂ ಬೆಲೆ ಬದಲಾಗುವುದಿಲ್ಲ. 16 ಆಂಪಿಯರಿನ ರಾಕರ್ ಸ್ವಿಚ್ ಹೊರಗುಳಿಯುತ್ತದೆ, ಅದಕ್ಕೆ ಸುಂಕ ಬೀಳುತ್ತದೆ. ಸ್ವಿಚ್ಚಿನ ಮೈಮೇಲೆ ಕಣ್ಣು ಕಿರಿದಾಗಿಸಿ ಓದಬೇಕಾದ ಆ ಸಣ್ಣ ಅಂಕಿಯನ್ನು ಇನ್ನು ಮುಂದೆ ಪ್ರತಿ ಬಿಲ್ಲಿನ ಸಾಲಿನಲ್ಲೂ ದಪ್ಪಕ್ಷರದಲ್ಲಿ ಅಚ್ಚು ಮಾಡುತ್ತೇವೆ. ಬೆಲೆ ನಿಂತಿರುವುದು ಅದರ ಮೇಲೆ.

ಒಂದು ಸಾಮಾನನ್ನು ಸದ್ಯಕ್ಕೆ ಪಟ್ಟಿಯಿಂದ ಇಳಿಸಿದ್ದೇವೆ: ಬರೀ ವಿಡಿಯೋ ಬದಲಿಸುವ ಎಚ್‌ಡಿಎಂಐ ಪೆಟ್ಟಿಗೆ. ಅದನ್ನು ಕಂಪ್ಯೂಟರಿಗೂ ಹಾಕುತ್ತಾರೆ, ಟಿವಿಗೂ ಹಾಕುತ್ತಾರೆ, ಆಟದ ಯಂತ್ರಕ್ಕೂ ಹಾಕುತ್ತಾರೆ. ‘ಮುಖ್ಯವಾಗಿ ಕಂಪ್ಯೂಟರಿಗೆ’ ಎಂಬ ಷರತ್ತಿನ ಎದುರು ಅದು ನಿಲ್ಲುವುದು ಕಷ್ಟ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದ 2017ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಸರಕು ತರುವ ಮೊದಲೇ ಅದರ ವರ್ಗೀಕರಣದ ಬಗ್ಗೆ ಕಸ್ಟಮ್ಸ್‌ನಿಂದ ಲಿಖಿತ ಮುಂಗಡ ನಿರ್ಣಯ ಕೇಳಲು ಅದರಲ್ಲಿ ಅವಕಾಶವಿದೆ. ಮಾದರಿ, ಸರ್ಕ್ಯೂಟಿನ ಚಿತ್ರ, ಒಳಗಿನ ಫೋಟೋ ಸಮೇತ ಅರ್ಜಿ ಹಾಕಿದ್ದೇವೆ. ಉತ್ತರ ಕೈಗೆ ಬರುವವರೆಗೆ ಅದನ್ನು ಮಾರುವುದಿಲ್ಲ. ಬಾಕಿ ಇದ್ದ ಆರ್ಡರುಗಳ ಮುಂಗಡ ಹಣ ವಾಪಸು ಬರುತ್ತದೆ.

ಹಣದ ಮಾತು. ಈಗಾಗಲೇ ಖಚಿತವಾದ ಆರ್ಡರುಗಳಿಗೆ ಹಳೆಯ ಬೆಲೆಯೇ. ಹಿಂದೆ ಕಡಿಮೆ ಕಟ್ಟಿದ ಸುಂಕ ಮತ್ತು ಅದರ ಬಡ್ಡಿಯನ್ನು ಸಂಘದ ಮೀಸಲು ನಿಧಿಯಿಂದ ಕಟ್ಟುತ್ತೇವೆ, ಅದರ ಒಂದು ಕಾಸೂ ನಿಮ್ಮ ಬಿಲ್ಲಿಗೆ ಸೇರುವುದಿಲ್ಲ. ಹೊಸ ಆರ್ಡರಿನಲ್ಲಿ ಸುಂಕ ಬೀಳುವ ಸಾಮಾನಿಗೆ ಸುಂಕವನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇವೆ, ಅದರ ಮೇಲೆ ನಮ್ಮ ಲಾಭಾಂಶ ಹಾಕುವುದಿಲ್ಲ.

ನಮ್ಮಿಂದ ಕೊಂಡು ಹೊರದೇಶಕ್ಕೆ ಕಳಿಸುವವರಲ್ಲಿ ಒಂದು ವಿನಂತಿ. ಹಳೆಯ ಬಿಲ್ಲಿನ ಕೋಡನ್ನು ನಿಮ್ಮ ರಫ್ತು ಕಾಗದಕ್ಕೆ ನಕಲು ಮಾಡಬೇಡಿ. ಉಳಿದ ದಾಸ್ತಾನಿಗೂ ತಿದ್ದಿದ ಬಿಲ್ಲು ಕೊಡುತ್ತೇವೆ, ಹಳೆಯ ಬಿಲ್ಲಿನ ಸಂಖ್ಯೆ ತಿಳಿಸಿದರೆ ಸಾಕು. ಕೋಡಿನ ಪಕ್ಕದಲ್ಲಿ ಇನ್ನು ‘ಎಚ್‌ಎಸ್ 2022’ ಎಂದು ಆವೃತ್ತಿಯೂ ಇರುತ್ತದೆ. ಮುಂದಿನ ಆವೃತ್ತಿ 2028ರ ಜನವರಿ 1ರಿಂದ ಬರಲಿದೆ, ಆಗ ಈ ಪಟ್ಟಿಯನ್ನು ಮೊದಲಿಂದ ಮತ್ತೆ ನೋಡುತ್ತೇವೆ.

ಯಾವುದೇ ಸಾಮಾನಿನ ಕೋಡು ನಿಮಗೆ ಸರಿ ಕಾಣದಿದ್ದರೆ ದಯವಿಟ್ಟು ಬರೆಯಿರಿ. ಬರೆಯುವಾಗ ಮಾದರಿ ಸಂಖ್ಯೆ, ಮೈಮೇಲಿನ ವೋಲ್ಟ್ ಮತ್ತು ಆಂಪಿಯರ್ ಅಂಕಿ, ಸಾಧ್ಯವಾದರೆ ಹೊದಿಕೆ ತೆಗೆದ ಒಂದು ಫೋಟೋ ಕಳಿಸಿ. ಎಲ್ಲಿ ಬಳಸುತ್ತೀರಿ ಎಂಬುದಕ್ಕಿಂತ ಅದು ಏನು ಮಾಡುತ್ತದೆ ಎಂದು ಎರಡು ಸಾಲು ಬರೆದರೆ ಉತ್ತರ ಬೇಗ ಕೊಡಬಹುದು.

ಇತಿ ನಿಮ್ಮ ವಿಶ್ವಾಸಿ,
ಆಮದು ವಿಭಾಗದ ಪರವಾಗಿ, ಕಾರ್ಯದರ್ಶಿ