ಹಳೆಯ ಹಿಂಜ್‌ಗಳನ್ನು ಉಗುರಿನಿಂದ ಕೀಳಬೇಡಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 9ರ ವಿಶ್ವ ಅಂಚೆ ದಿನ ಹತ್ತಿರವಾದಂತೆ ಅಟ್ಟದ ಮೇಲಿದ್ದ ಅಂಚೆಚೀಟಿ ಆಲ್ಬಂಗಳು ಕೆಳಗಿಳಿಯುತ್ತವೆ. ಪ್ರದರ್ಶನಕ್ಕೆಂದೋ ಮಾರಾಟಕ್ಕೆಂದೋ ಚೀಟಿಗಳ ಬೆನ್ನಿಗಿರುವ ಹಿಂಜ್‌ಗಳನ್ನು ಕಿತ್ತು ಚೊಕ್ಕ ಮಾಡುವ ಕೆಲಸವೂ ಆಗಲೇ ಶುರುವಾಗುತ್ತದೆ. ಹತ್ತಾರು ವರ್ಷ ಕ್ಷೇಮವಾಗಿದ್ದ ಚೀಟಿ ಕೆಡುವುದು ಈ ಅವಸರದಲ್ಲೇ.

ಹಿಂಜ್ ಎಂದರೆ ಚೀಟಿಯನ್ನು ಪುಟಕ್ಕೆ ಹಿಡಿಸಲು ಬಳಸುತ್ತಿದ್ದ, ಒಂದು ಬದಿಗೆ ಗೋಂದಿರುವ, ಮಡಚಿದ ತೆಳು ಕಾಗದದ ತುಣುಕು. ಒಳ್ಳೆಯ ಹಿಂಜ್ ಚೆನ್ನಾಗಿ ಒಣಗಿದ್ದರೆ ಸಲೀಸಾಗಿ ಬಿಡುತ್ತದೆ. ಕಳಪೆಯದು, ಇಲ್ಲವೇ ಎಂಜಲು ಜಾಸ್ತಿ ಹಚ್ಚಿ ಅಂಟಿಸಿದ್ದು, ಚೀಟಿಯ ಕಾಗದಕ್ಕೇ ಕಚ್ಚಿಕೊಂಡಿರುತ್ತದೆ. ಎಳೆದರೆ ಚೀಟಿಯ ಬೆನ್ನಿನ ಒಂದು ಪದರವೂ ಕಿತ್ತುಬರುತ್ತದೆ. ಎದುರಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಳಕಿಗೆ ಹಿಡಿದರೆ ಅಷ್ಟು ಜಾಗ ಮಾತ್ರ ತೆಳ್ಳಗೆ ಬೆಳ್ಳಗೆ ಕಾಣುತ್ತದೆ. ಸಂಗ್ರಾಹಕರು ಇದನ್ನು ‘ಥಿನ್’ ಎನ್ನುತ್ತಾರೆ. ಹೋದ ಕಾಗದ ಮರಳಿ ಬರುವುದಿಲ್ಲ.

ಮುದ್ರೆ ಬಿದ್ದ ಬಳಸಿದ ಚೀಟಿಯಾದರೆ ಕೆಲಸ ಸುಲಭ. ಅಗಲವಾದ ಬಟ್ಟಲಲ್ಲಿ ತಣ್ಣೀರು ಹಾಕಿ, ಚಿತ್ರ ಮೇಲಾಗುವಂತೆ ತೇಲಿಬಿಟ್ಟು 15 ನಿಮಿಷ ಕಾಯಿರಿ. ಹಿಂಜ್ ತಾನಾಗಿ ಜಾರಬೇಕು. ಜಾರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಬಣ್ಣದ ಪುಟದ ಚೂರು ಅಂಟಿದ ಚೀಟಿಗಳನ್ನು ಬೇರೆ ಬಟ್ಟಲಲ್ಲಿ ಹಾಕಿ, ಆ ಬಣ್ಣ ಉಳಿದವಕ್ಕೆ ಹತ್ತುತ್ತದೆ. ನೀರನ್ನೇ ಸೋಕಿಸಬಾರದ ಚೀಟಿಗಳೂ ಇವೆ. ಜಮ್ಮು–ಕಾಶ್ಮೀರ ಸಂಸ್ಥಾನದ ಆರಂಭದ ಚೀಟಿಗಳಲ್ಲಿ ಹಲವನ್ನು ಜಲವರ್ಣದಲ್ಲೇ ಅಚ್ಚು ಹಾಕಿದ್ದರು. ಬ್ರಿಟನ್‌ನ 1883–84ರ ನೇರಳೆ ಮತ್ತು ಹಸಿರು ಚೀಟಿಗಳ ಶಾಯಿಯಂತೂ, ಯಾರೂ ಮುದ್ರೆ ತೊಳೆದು ಮತ್ತೆ ಬಳಸಬಾರದೆಂದೇ, ನೀರಿಗೆ ಬಿಡುವಂಥದ್ದು.

ಬಳಸದ ಮಿಂಟ್ ಚೀಟಿಯ ಕಥೆಯೇ ಬೇರೆ. ಅದರ ಬೆನ್ನಿನ ಗೋಂದಿಗೂ ಬೆಲೆಯಿದೆ. 1948ರ ಆಗಸ್ಟ್ 15ರಂದು ಬಂದ, ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣವಾದ ಗಾಂಧೀಜಿಯವರ 10 ರೂಪಾಯಿ ಚೀಟಿಯನ್ನೇ ನೋಡಿ: ಗೋಂದು ಅಖಂಡವಾಗಿರುವುದಕ್ಕೂ ತೊಳೆದುಹೋಗಿರುವುದಕ್ಕೂ ಬೆಲೆಯಲ್ಲಿ ಅಜಗಜಾಂತರ. ಇಂಥದ್ದನ್ನು ನೀರಿಗೆ ಹಾಕಲೇಬಾರದು.

ಮೊದಲು ಒಣಗಿದಂತೆಯೇ ಪ್ರಯತ್ನಿಸಿ. ಗಾಜಿನ ಮೇಲೆ ಚೀಟಿಯನ್ನು ಬೋರಲು ಮಲಗಿಸಿ, ಹಿಂಜಿನ ಬಿಡಿ ತುದಿಯನ್ನು ಚಪ್ಪಟೆ ಮೂತಿಯ ಟ್ವೀಜರ್‌ನಲ್ಲಿ ಹಿಡಿದು ಪೂರ್ತಿ ಹಿಂದಕ್ಕೆ ಮಡಚಿ. ಚೀಟಿಯ ಮೈಗೆ ತಾಗಿದಂತೆಯೇ ನಿಧಾನವಾಗಿ ಎಳೆಯಿರಿ. ನೆಟ್ಟಗೆ ಮೇಲಕ್ಕೆತ್ತಿದರೆ ಎಳೆತವೆಲ್ಲ ಚೀಟಿಯ ನಾರಿನ ಮೇಲೆ ಬೀಳುತ್ತದೆ. ಕಿಂಚಿತ್ ಹಿಡಿದಂತಾದರೂ ಅಲ್ಲಿಗೇ ಕೈಬಿಡಿ.

ಆಗ ತೇವದ ಸರದಿ. ಬ್ಲಾಟಿಂಗ್ ಪೇಪರನ್ನು ಹಿಂಜಿಗಿಂತ ಸುತ್ತಲೂ 1 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಒದ್ದೆ ಮಾಡಿ, ಇನ್ನೊಂದು ಬ್ಲಾಟಿಂಗ್ ಪೇಪರಿನ ಮೇಲೆ ಒತ್ತಿ ನೀರಿನ ಹೊಳಪು ಹೋಗುವಂತೆ ಮಾಡಿ. ಅದನ್ನು ಹಿಂಜಿನ ಮೇಲೆ ಒಂದೆರಡು ನಿಮಿಷ ಇಡಿ. ತೇವ ಮೊದಲು ತಲುಪುವುದು ಹಿಂಜಿನ ಗೋಂದಿಗೆ, ಆಮೇಲೆ ಚೀಟಿಯ ಗೋಂದಿಗೆ. ನಮಗೆ ಬೇಕಾದದ್ದು ಈ ನಡುವಿನ ಸ್ವಲ್ಪ ಸಮಯ. ಒಂದರ ಮೇಲೊಂದು ಎರಡು ಮೂರು ಹಿಂಜ್‌ಗಳಿದ್ದರೆ, ಹೆಚ್ಚಾಗಿ ಇರುತ್ತವೆ ಕೂಡ, ಒಂದೊಂದೇ ಪದರ ತೆಗೆಯಿರಿ.

ಇದಕ್ಕೂ ಬಗ್ಗದಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಇಟ್ಟು, ಮೇಲೊಂದು ಜಾಲರಿ, ಅದರ ಮೇಲೆ ನೀರು ತಾಗದಂತೆ ಚೀಟಿ, ಹಿಂಜ್ ಮೇಲ್ಮುಖವಾಗಿ. 15 ನಿಮಿಷಕ್ಕೊಮ್ಮೆ ತೆಗೆದು ನೋಡಲೇಬೇಕು. ಮರೆತರೆ ಗೋಂದೆಲ್ಲ ಕರಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಆ ಹವೆಯಲ್ಲಿ ಗೋಂದು ಬೇಗ ಆರುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಹಿಂಜ್ ಬಂದ ಮೇಲೆ ಗೋಂದಿನ ಬದಿ ಮೇಲಾಗಿ ಬಟರ್ ಪೇಪರಿನ ಮೇಲೆ ಬಿಡಿ. ಜಿಗುಟು ಹೋದ ನಂತರವೇ ಎರಡು ಬಟರ್ ಪೇಪರುಗಳ ನಡುವೆ ಇಟ್ಟು, ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ. ಹಸಿಯಿದ್ದಾಗ ಒತ್ತಿದರೆ ಕಾಗದಕ್ಕೆ ಅಂಟಿ ಮೊದಲಿಗಿಂತ ಕಷ್ಟವಾಗುತ್ತದೆ.

ಕೆಟಲ್ ಹಬೆ, ಇಸ್ತ್ರಿಪೆಟ್ಟಿಗೆ, ಬ್ಲೇಡು ಯಾವುದೂ ಬೇಡ. ಲೈಟರ್ ದ್ರವ ಗೋಂದನ್ನು ಕರಗಿಸುವುದಿಲ್ಲ, ಸಾಲದ್ದಕ್ಕೆ ಬೆಂಕಿಯ ಭಯ.

ಇಷ್ಟಾದರೂ ಬಿಡದ ಹಿಂಜನ್ನು ಹಾಗೇ ಇರಗೊಡಿ. ಹಿಂಜಿನ ಚೂರು ಉಳಿದ ಚೀಟಿಯ ಬೆಲೆ ಸ್ವಲ್ಪ ಕುಗ್ಗಬಹುದು, ಥಿನ್ ಆದರೆ ಹೆಚ್ಚು ಕುಗ್ಗುತ್ತದೆ. ಹಿಂಜ್ ಕಂಡ ಚೀಟಿ ಎಷ್ಟು ನಾಜೂಕಾಗಿ ಬಿಡಿಸಿದರೂ ಹಿಂಜ್ ಕಾಣದ್ದಾಗುವುದಿಲ್ಲ. ಹೊಸ ಗೋಂದು ಬಳಿದು ಮೂಲದ್ದೆಂದು ಮಾರುವುದು ಶುದ್ಧ ಮೋಸ.

ಪ್ರದರ್ಶನ ಏರ್ಪಡಿಸುವವರಲ್ಲಿ ಒಂದು ವಿನಂತಿ. ಸಭಾಂಗಣದಲ್ಲಿ ಒಂದು ಮೇಜು, ನಾಲ್ಕು ಟ್ವೀಜರ್, ಬ್ಲಾಟಿಂಗ್ ಪೇಪರ್, ಹಿಂಜ್ ಅಂಟಿದ ನೂರಾರು ಅಗ್ಗದ ಚೀಟಿಗಳನ್ನು ಇಟ್ಟು ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿ. ತಪ್ಪುವುದಿದ್ದರೆ ಆ ಚೀಟಿಗಳ ಮೇಲೆ ತಪ್ಪಲಿ.

— ಅಂಚೆಚೀಟಿ ಸಂಗ್ರಾಹಕ, ಧಾರವಾಡ