ಗೀತಾ ಪಾಠ: ರವಿವಾರದ ಸಮಯ ಬದಲಾವಣೆ

ಗುಂಪಿನ ಎಲ್ಲ ಹಿರಿಯರಿಗೂ ಸಹಪಾಠಿಗಳಿಗೂ ನಮಸ್ಕಾರಗಳು.

ಧಾರವಾಡ ಮಾಳಮಡ್ಡಿಯ ನಮ್ಮ ಗೀತಾ ಪಾಠವು ಬರುವ ರವಿವಾರ ಸಂಜೆಯ ಬದಲು ಬೆಳಿಗ್ಗೆ 8 ಗಂಟೆಗೆ ನಡೆಯಲಿದ್ದು, ಎಲ್ಲರೂ ಮನೆಯ ಸಂಧ್ಯಾವಂದನೆ, ಪೂಜೆ ಮುಗಿಸಿಯೇ ಬರಬೇಕೆಂದು ವಿನಂತಿ. 18ನೆಯ ಅಧ್ಯಾಯದ 66ನೆಯ ಶ್ಲೋಕ ‘ಸರ್ವಧರ್ಮಾನ್ ಪರಿತ್ಯಜ್ಯ’ (ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನಿಗೇ ಶರಣಾಗು) ಎನ್ನುವುದರಿಂದ, ಶರಣಾದವರು ಸಂಧ್ಯಾವಂದನೆ, ಪೂಜೆಯಂಥ ನಿತ್ಯಕರ್ಮವನ್ನು ಬಿಡಬಹುದೇ ಎಂದು ಕಳೆದ ವಾರ ಕೆಲವರು ಕೇಳಿದ್ದಿರಿ. ಅದೇ ಅಧ್ಯಾಯದ 7ನೆಯ ಶ್ಲೋಕವು ನಿಯತ ಕರ್ಮದ, ಎಂದರೆ ಮಾಡಲೇಬೇಕೆಂದು ವಿಧಿಸಿದ ಕರ್ಮದ, ತ್ಯಾಗ ಸಲ್ಲದೆಂದು ಸ್ಪಷ್ಟವಾಗಿ ಹೇಳಿರುವುದರಿಂದ, ಬಿಡಬೇಕಾದುದು ಫಲದ ಆಸೆ ಮತ್ತು ‘ನಾನು ಮಾಡಿದೆ’ ಎಂಬ ಅಭಿಮಾನ ಎಂದೇ ನನ್ನ ತಿಳಿವಳಿಕೆ. ಪೂಜೆಯ ಕೊನೆಗೆ ಉದ್ಧರಣೆಯಿಂದ (ಪೂಜೆಯ ಚಿಕ್ಕ ಚಮಚದಿಂದ) ಅಂಗೈಗೆ ನೀರು ಹಾಕಿಕೊಂಡು ‘ಶ್ರೀಕೃಷ್ಣಾರ್ಪಣಮಸ್ತು’ ಎಂದು ತಟ್ಟೆಗೆ ಬಿಟ್ಟು, ಮಾಡಿದ್ದನ್ನು ದೇವರಿಗೆ ಒಪ್ಪಿಸುವ ಆ ಕ್ಷಣವನ್ನು ನಾವು ಅವಸರದಲ್ಲಿ ಕಳೆದುಬಿಡುತ್ತೇವೆ. ಅದರ ಬಗ್ಗೆಯೇ ನಿಧಾನವಾಗಿ ಮಾತನಾಡೋಣ.

ಎರಡೂ ಶ್ಲೋಕಗಳನ್ನು ಓದಿಕೊಂಡು ಬನ್ನಿ. ಹುಬ್ಬಳ್ಳಿಯಿಂದ ಬರುವವರು ಉಪ್ಪಿಟ್ಟಿನ ಅಂದಾಜಿಗಾಗಿ ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕು.